ಒಂದೇ ಕಿಟಕಿ, ಹತ್ತೊಂಬತ್ತು ಜನ: ಗುಂಪು ಫೋಟೋದ ಬೆಳಕು ಸರಿ ಮಾಡಿದ ಪ್ರಕರಣ

"ಬಲಗಡೆ ಕೂತಿರುವ ಅಜ್ಜಿ ಕಾಣಿಸುತ್ತಲೇ ಇಲ್ಲ. ಏನಾದರೂ ಮಾಡೋಕೆ ಆಗುತ್ತಾ?"

ಫೈಲ್ ಜೊತೆ ಬಂದ ಸಂದೇಶ ಇಷ್ಟೇ. ಕಳಿಸಿದವರು ಹವ್ಯಾಸಕ್ಕೆ ಫೋಟೋ ತೆಗೆಯುವವರು. ಮನೆಮಂದಿಯೆಲ್ಲ ಅಪರೂಪಕ್ಕೆ ಒಂದೆಡೆ ಸೇರಿದ್ದಾಗ ತೆಗೆದ ಗುಂಪು ಫೋಟೋ ಅದು. ಮೂರು ಅಡಿ ಅಗಲದ ಪ್ರಿಂಟ್ ಹಾಕಿಸಬೇಕು ಎಂಬ ಆಸೆ. ಅಷ್ಟು ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಊರು ಸೇರಿಯಾಗಿತ್ತು. ಇನ್ನೊಮ್ಮೆ ತೆಗೆಯುವ ಮಾತೇ ಇಲ್ಲ. ಅವರ ಒಪ್ಪಿಗೆ ಪಡೆದು ಈ ಕೆಲಸದ ಕಥೆ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಚಿತ್ರದಲ್ಲಿ ಹತ್ತು ಜನ ಹಿಂದೆ ನಿಂತಿದ್ದಾರೆ, ಒಂಬತ್ತು ಜನ ಮುಂದೆ ಕೂತಿದ್ದಾರೆ. ಹಿಂದೆ ಖಾಲಿ ಗೋಡೆ, ಉದ್ದಕ್ಕೂ ಒಂದೇ ತಿಳಿ ಬಣ್ಣ. ಎಡಗಡೆ, ಚೌಕಟ್ಟಿನ ಆಚೆ, ದೊಡ್ಡ ಕಿಟಕಿ. ಬೆಳಕೆಲ್ಲ ಬರುವುದು ಅಲ್ಲಿಂದಲೇ. ಬಲ ಮೂಲೆಯಲ್ಲಿ ಹಳದಿ ಬೆಳಕಿನ ಒಂದು ಬಲ್ಬ್ ಉರಿಯುತ್ತಿತ್ತು. ಆದರೆ ಅದರಿಂದ ದೊಡ್ಡ ಉಪಕಾರವೇನೂ ಆಗಿರಲಿಲ್ಲ. ಅಜ್ಜಿ ವೀಲ್‌ಚೇರ್‌ನಲ್ಲಿದ್ದರು. ವೀಲ್‌ಚೇರ್ ನಿಲ್ಲಿಸಲು ಜಾಗ ಇದ್ದದ್ದು ಬಲ ತುದಿಯಲ್ಲಿ ಮಾತ್ರ. ಹಾಗಾಗಿ ಯಾರ ಸಲುವಾಗಿ ಎಲ್ಲರೂ ಸೇರಿದ್ದರೋ ಅವರೇ ಕತ್ತಲಲ್ಲಿ ಕೂತಿದ್ದರು.

ಬೆಳಕು ಇಷ್ಟು ಜೋರಾಗಿ ಇಳಿದಿದ್ದು ಯಾಕೆ ಅಂತ ಮೊದಲು ನೋಡೋಣ. ಕಿಟಕಿಗೆ ಹತ್ತಿರ ಇದ್ದವರು ಸುಮಾರು 2 ಮೀಟರ್ ದೂರದಲ್ಲಿ, ಕೊನೆಯವರು ಸುಮಾರು 7 ಮೀಟರ್ ದೂರದಲ್ಲಿ ಇದ್ದರು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ ಎಂಬ ನಿಯಮ ಗೊತ್ತಲ್ವಾ? ಆ ಲೆಕ್ಕದಲ್ಲಿ ಎರಡು ತುದಿಗಳ ನಡುವೆ 12 ಪಟ್ಟು ವ್ಯತ್ಯಾಸ ಬರಬೇಕು, ಅಂದರೆ ಮೂರೂವರೆ ಸ್ಟಾಪ್‌ಗಿಂತ ಜಾಸ್ತಿ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಏರಿಕೆ, ಅರ್ಧವಾದರೆ ಒಂದು ಸ್ಟಾಪ್ ಇಳಿಕೆ). ಆದರೆ ಆ ನಿಯಮ ಬಲ್ಬಿನಂಥ ಪುಟ್ಟ ಬೆಳಕಿಗೆ. ಕಿಟಕಿ ಅಗಲವಾಗಿರುತ್ತದೆ, ಕೋಣೆಯ ಗೋಡೆಗಳೂ ಬೆಳಕನ್ನು ವಾಪಸ್ ಚೆಲ್ಲುತ್ತವೆ. ಹಾಗಾಗಿ ನಿಜವಾದ ಇಳಿಕೆ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅನ್ನುವುದನ್ನು ನಾನು ಮೊದಲ ದಿನವೇ ಅಳೆಯಬೇಕಿತ್ತು. ಅಳೆಯಲಿಲ್ಲ.

ಮೊದಲ ಸಂಜೆ

ಅವರು ಆಗಲೇ ಒಂದು ಪ್ರಯತ್ನ ಮಾಡಿ ನೋಡಿದ್ದರು. ಕಪ್ಪು ಭಾಗಗಳನ್ನು ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಕೊನೆಯವರೆಗೆ ಎಳೆದಿದ್ದರು. ಅಜ್ಜಿಯೇನೋ ಕಂಡರು. ಆದರೆ ಇಡೀ ಚಿತ್ರ ಬೂದಿ ಬಳಿದ ಹಾಗಾಗಿತ್ತು. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಆ ಸ್ಲೈಡರಿಗೆ ಗೊತ್ತಾಗುವುದು ಯಾವುದು ಕಪ್ಪು ಅನ್ನುವುದು ಮಾತ್ರ. ಯಾಕೆ ಕಪ್ಪು ಅನ್ನುವುದು ಅದಕ್ಕೆ ಗೊತ್ತಿಲ್ಲ. ಎಡ ತುದಿಯಲ್ಲಿ ಕಿಟಕಿಯ ಪಕ್ಕದಲ್ಲೇ ಒಬ್ಬರು ಕಪ್ಪು ಕೋಟು ಹಾಕಿ ನಿಂತಿದ್ದರು. ಅದರ ಮೇಲೆ ಬೇಕಾದಷ್ಟು ಬೆಳಕಿತ್ತು, ಬಟ್ಟೆಯೇ ಕಪ್ಪು. ಸ್ಲೈಡರಿಗೆ ಆ ಕೋಟು ಮತ್ತು ಕತ್ತಲಲ್ಲಿದ್ದ ಅಜ್ಜಿ ಎರಡೂ ಒಂದೇ. ಎರಡನ್ನೂ ಮೇಲೆತ್ತಿತು.

ನಮಗೆ ಬೇಕಾಗಿದ್ದು ಜಾಗ ನೋಡಿ ಕೆಲಸ ಮಾಡುವ ತಿದ್ದುಪಡಿ. ಅದಕ್ಕೆ ಇರುವುದು ಮಾಸ್ಕ್. ಹೊಸಬರಿಗೆ ಒಂದೆರಡು ಮಾತು: ಚಿತ್ರದ ಮೇಲೆ ಬೆಳಕು ಹೆಚ್ಚಿಸುವ ಒಂದು ಲೇಯರ್, ಅಂದರೆ ಪದರ, ಹಾಕುತ್ತೇವೆ. ಅದಕ್ಕೆ ಮಾಸ್ಕ್ ಅಂಟಿಸುತ್ತೇವೆ. ಮಾಸ್ಕ್ ಬಿಳಿ ಇದ್ದ ಕಡೆ ತಿದ್ದುಪಡಿ ಪೂರ್ತಿ ಕಾಣುತ್ತದೆ, ಕಪ್ಪು ಇದ್ದ ಕಡೆ ಕಾಣುವುದಿಲ್ಲ, ಬೂದು ಇದ್ದ ಕಡೆ ಅರೆಬರೆ ಕಾಣುತ್ತದೆ. ಕಪ್ಪಿನಿಂದ ಬಿಳಿಗೆ ನಿಧಾನವಾಗಿ ಹೋಗುವ ಗ್ರೇಡಿಯಂಟನ್ನು ಮಾಸ್ಕಿನ ಮೇಲೆ ಎಳೆದರೆ, ತಿದ್ದುಪಡಿಯೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಏರುತ್ತದೆ. ಫೋಟೋಶಾಪ್, ಜಿಂಪ್, ಲೈಟ್‌ರೂಮ್, ಡಾರ್ಕ್‌ಟೇಬಲ್, ಫೋಟೋ ತಿದ್ದುವ ಇಂಥ ಯಾವ ಸಾಫ್ಟ್‌ವೇರಿನಲ್ಲಾದರೂ ಇದನ್ನು ಮಾಡಬಹುದು. ಡಾರ್ಕ್‌ರೂಮಿನ ಕಾಲದಲ್ಲಿ, ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಮಾಡುವ ಎನ್‌ಲಾರ್ಜರ್ ಕೆಳಗೆ ಅಂಗೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು, ಅಂಚು ಕಾಣದಿರಲಿ ಅಂತ ಅಲ್ಲಾಡಿಸುತ್ತಿದ್ದರಲ್ಲ, ಅದರ ತಮ್ಮನೇ ಇದು.

ಬಂದ ಫೈಲ್ ಜೆಪೆಗ್. ಅದನ್ನೇ ತೆರೆದು, ಬೆಳಕು ಏರಿಸಿ ಇಳಿಸುವ ಕರ್ವ್ಸ್ ಲೇಯರ್ ಹಾಕಿದೆ. ಬಲ ತುದಿಯ ಗೋಡೆ ಎಡ ತುದಿಯಷ್ಟೇ ಬೆಳಗುವವರೆಗೆ ಮೇಲೆತ್ತಿದೆ. ಎಡದಿಂದ ಬಲಕ್ಕೆ ನೇರವಾಗಿ ಒಂದು ಗ್ರೇಡಿಯಂಟ್ ಎಳೆದೆ. ಐದು ನಿಮಿಷದ ಕೆಲಸ. ನೋಡಿದರೆ ಎರಡು ತೊಂದರೆ.

ಒಂದು, ಎರಡೂ ತುದಿ ಸರಿಯಾಗಿದ್ದವು, ನಡುವೆ ಮಾತ್ರ ಗುಂಡಿ ಬಿದ್ದಂತಿತ್ತು. ಮಧ್ಯದಲ್ಲಿ ನಿಂತ ಮೂರ್ನಾಲ್ಕು ಜನ ಅಕ್ಕಪಕ್ಕದವರಿಗಿಂತ ಮಂಕಾಗಿದ್ದರು. ಸ್ವಲ್ಪವೇ, ಆದರೆ ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಎರಡು, ಬಲಗಡೆಯ ಗೋಡೆಯಲ್ಲಿ ಪಟ್ಟೆ ಪಟ್ಟೆ. ನೀರು ಒಣಗಿದ ಕಲೆಯ ಹಾಗೆ.

ಇಲ್ಲಿ ನಿಂತು ಯೋಚಿಸಬೇಕಿತ್ತು. ನಾನು ಬ್ರಷ್ ಹಿಡಿದೆ. ಗುಂಡಿಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ಬೆಳಗಿಸಿದೆ. ಹೋಲಿಕೆಗೆ ಎಡ ಭಾಗದ ಒಂದು ಮುಖವನ್ನು ಇಟ್ಟುಕೊಂಡು, ಐಡ್ರಾಪರಿನಿಂದ (ಇಟ್ಟ ಜಾಗ ಎಷ್ಟು ಬೆಳಗಿದೆ ಅಂತ ಅಂಕಿಯಲ್ಲಿ ತೋರಿಸುವ ಟೂಲ್) ಅಂಕಿ ನೋಡುತ್ತಾ, ಉಳಿದವರ ಕೆನ್ನೆಗಳನ್ನು ಅದರ ಹತ್ತಿರಕ್ಕೆ ತಂದೆ. ಪಟ್ಟೆಗಳ ಮೇಲೆ ಬ್ಲರ್ ಹಾಕಿದೆ. ಮೂರು ಗಂಟೆ ಹಿಡಿಯಿತು. ಚೆನ್ನಾಗಿ ಬಂದಿದೆ ಅಂದುಕೊಂಡೇ ಕಳಿಸಿದೆ.

ಮರುದಿನ ಉತ್ತರ ಬಂತು. "ಅಜ್ಜಿ ಚೆನ್ನಾಗಿ ಕಾಣ್ತಾರೆ. ಆದರೆ ಬಲದಿಂದ ನಾಲ್ಕನೆಯವರು ನನ್ನ ಚಿಕ್ಕಪ್ಪ. ಅವರ ಬಣ್ಣ ಇದಲ್ಲ."

ಗೋಡೆ ಹೇಳಿದ್ದು

ಈ ಕೆಲಸದ ದಿಕ್ಕು ಬದಲಾಗಿದ್ದು ಆ ಒಂದು ಸಾಲಿನಿಂದ. ನಾನು ಮಾಡಿದ್ದೇನು ಅಂತ ಆಗ ಹೊಳೆಯಿತು. ಬೆಳಕನ್ನು ಸಮ ಮಾಡುತ್ತೇನೆ ಅಂದುಕೊಂಡು ಮುಖಗಳನ್ನು ಸಮ ಮಾಡಿದ್ದೆ. ಚಿಕ್ಕಪ್ಪನವರ ಮೈಬಣ್ಣ ಪಕ್ಕದವರಿಗಿಂತ ಕಪ್ಪು. ಅದು ನೆರಳಲ್ಲ, ಅವರ ಬಣ್ಣ. ಹತ್ತೊಂಬತ್ತು ಜನರಿಗೆ ಹತ್ತೊಂಬತ್ತು ಮೈಬಣ್ಣ ಇರುತ್ತದೆ. ಮುಖವನ್ನು ಅಳತೆಗೋಲು ಮಾಡಿಕೊಂಡರೆ ಯಾವುದು ಬೆಳಕು, ಯಾವುದು ಚರ್ಮ ಅಂತ ಬೇರೆ ಮಾಡುವ ದಾರಿಯೇ ಇಲ್ಲ. ನಾಚಿಕೆಯಾಯಿತು. ಕೇಳದೆ ಒಬ್ಬರನ್ನು ಬೆಳ್ಳಗೆ ಮಾಡಿಬಿಟ್ಟಿದ್ದೆ.

ಹಾಗಾದರೆ ಯಾವುದನ್ನು ಅಳೆಯಬೇಕು? ಚಿತ್ರದ ಉದ್ದಕ್ಕೂ ಒಂದೇ ಥರ ಇರುವ ವಸ್ತುವನ್ನು. ಅದು ಇಡೀ ಹೊತ್ತು ನನ್ನ ಕಣ್ಣೆದುರೇ ಇತ್ತು. ಗೋಡೆ. ಒಂದೇ ಬಣ್ಣ ಬಳಿದ ಗೋಡೆ ಎಡಕ್ಕೆ ಬೆಳ್ಳಗೆ, ಬಲಕ್ಕೆ ಮಂಕಾಗಿ ಕಂಡರೆ ಆ ವ್ಯತ್ಯಾಸ ಪೂರ್ತಿ ಬೆಳಕಿನದೇ.

ಕಣ್ಣಿನಿಂದಲೇ ನೋಡಿದರೆ ಸಾಲದಾ ಅಂತ ಕೇಳಬಹುದು. ಸಾಲದು. ನಮ್ಮ ಕಣ್ಣು ಬೆಳಕಿನ ಇಳಿಜಾರನ್ನು ತಾನೇ ಕಳೆದು ನೋಡುತ್ತದೆ. ಎಡ್ವರ್ಡ್ ಏಡೆಲ್‌ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರವನ್ನು ನೀವು ನೋಡಿರಬಹುದು. ನೆರಳಿನಲ್ಲಿರುವ 'ಬಿಳಿ' ಚೌಕ, ಬೆಳಕಿನಲ್ಲಿರುವ 'ಕಪ್ಪು' ಚೌಕ, ಎರಡೂ ಒಂದೇ ಬೂದು ಬಣ್ಣ. ಎಷ್ಟು ಸಲ ನೋಡಿದರೂ ನಂಬಿಕೆ ಬರುವುದಿಲ್ಲ. ಫೋಟೋ ತೆಗೆದವರಿಗೆ ಆ ದಿನ ಕೋಣೆಯಲ್ಲಿ ಅಜ್ಜಿ ಕತ್ತಲಲ್ಲಿದ್ದಾರೆ ಅಂತ ಅನ್ನಿಸದೇ ಇದ್ದದ್ದಕ್ಕೂ ಕಾರಣ ಇದೇ.

ಮೊದಲ ಫೈಲನ್ನು ಮತ್ತೆ ತೆರೆದೆ. ತಲೆಗಳ ಮೇಲಿನ ಗೋಡೆಯಲ್ಲಿ, ಎಡದಿಂದ ಬಲಕ್ಕೆ, ಸಮ ಅಂತರದಲ್ಲಿ ಏಳು ಕಡೆ ಐಡ್ರಾಪರ್ ಇಟ್ಟೆ. ಒಂದೇ ಪಿಕ್ಸೆಲ್ ಅಲ್ಲ, ಸುತ್ತಲಿನ ಸರಾಸರಿ ಬರುವ ಹಾಗೆ ಇಟ್ಟುಕೊಂಡೆ, ಇಲ್ಲದಿದ್ದರೆ ನಾಯ್ಸ್, ಅಂದರೆ ಚಿತ್ರದಲ್ಲಿ ಸೇರಿಕೊಳ್ಳುವ ಬೇಡದ ಚುಕ್ಕೆಗಳು, ದಾರಿ ತಪ್ಪಿಸುತ್ತದೆ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಆ ಲೆಕ್ಕದಲ್ಲಿ ಸಿಕ್ಕ ಅಂಕಿಗಳು: 212, 171, 143, 125, 112, 103, 96.

ಈ ಏಳು ಅಂಕಿಗಳನ್ನು ಬರೆದುಕೊಂಡ ತಕ್ಷಣ ಹಿಂದಿನ ಸಂಜೆಯ ಗುಂಡಿಯ ಗುಟ್ಟು ತಿಳಿಯಿತು. ಮೊದಲ ಹೆಜ್ಜೆಯಲ್ಲಿ 41 ಇಳಿದಿದೆ, ಕೊನೆಯ ಹೆಜ್ಜೆಯಲ್ಲಿ ಬರೀ 7. ಜೆಪೆಗ್‌ನ ಅಂಕಿಗಳು ಬೆಳಕಿನ ನೇರ ಅಳತೆ ಅಲ್ಲ, ಅವನ್ನು ಬೆಳಕಿನ ಪ್ರಮಾಣಕ್ಕೆ ತಿರುಗಿಸಿಕೊಳ್ಳಬೇಕು. ಹಾಗೆ ತಿರುಗಿಸಿದರೆ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಎರಡೂವರೆ ಸ್ಟಾಪ್ ವ್ಯತ್ಯಾಸ. ಅದರಲ್ಲಿ ಅರ್ಧದಷ್ಟು ಮೊದಲ ಮೂರನೇ ಒಂದು ಭಾಗದಲ್ಲೇ ಇಳಿದುಹೋಗಿದೆ. ಉಳಿದರ್ಧ ನಿಧಾನವಾಗಿ, ಮಿಕ್ಕ ಎರಡು ಭಾಗದ ಉದ್ದಕ್ಕೂ ಇಳಿದಿದೆ. ಬೆಳಕು ಕಿಟಕಿಯ ಹತ್ತಿರ ಜಾರುಬಂಡೆಯ ಹಾಗೆ ಇಳಿದು ಆಮೇಲೆ ಬಯಲಾಗುತ್ತದೆ. ನಾನು ಎಳೆದ ಗ್ರೇಡಿಯಂಟ್ ಒಂದೇ ಸಮನಾದ ಏರು. ಎರಡೂ ತುದಿಗಳಲ್ಲಿ ಸೇರುತ್ತವೆ, ನಡುವೆ ಸೇರುವುದಿಲ್ಲ. ಗುಂಡಿ ಬೀಳದೆ ಇನ್ನೇನಾಗುತ್ತದೆ?

ಪಟ್ಟೆಗಳ ಲೆಕ್ಕವೂ ಅಲ್ಲೇ ಇತ್ತು. ಚಿತ್ರದ ಅಗಲ 6000 ಪಿಕ್ಸೆಲ್. ಕೊನೆಯ ಎರಡು ಗುರುತುಗಳ ನಡುವೆ ಸುಮಾರು 1000 ಪಿಕ್ಸೆಲ್ ಇದೆ. ಅಷ್ಟು ಅಗಲಕ್ಕೆ 103ರಿಂದ 96, ಅಂದರೆ ಏಳೇ ಮೆಟ್ಟಿಲು. ಒಂದೊಂದು ಮೆಟ್ಟಿಲು 140 ಪಿಕ್ಸೆಲ್ ಅಗಲ. ಅದನ್ನು ಎಳೆದು ಎರಡು ಪಟ್ಟಿಗಿಂತ ಎತ್ತರ ಮಾಡಿದರೆ ಮೆಟ್ಟಿಲುಗಳ ಅಂಚು ಕಾಣದೇ ಇರುತ್ತದಾ? ಸಾಮಾನ್ಯವಾಗಿ ಕ್ಯಾಮೆರಾದ ನಾಯ್ಸೇ ಈ ಅಂಚುಗಳನ್ನು ಕದಡಿ ಮುಚ್ಚಿಬಿಡುತ್ತದೆ. ಆದರೆ ಅವರು ಫೈಲ್ ಕಳಿಸುವ ಮೊದಲು ನಾಯ್ಸ್ ತೆಗೆಯುವ ಟೂಲ್ ಓಡಿಸಿ ಗೋಡೆಯನ್ನು ನುಣ್ಣಗೆ ಮಾಡಿದ್ದರು. ಒಳ್ಳೆಯದಕ್ಕೆ ಮಾಡಿದ್ದು, ಕೆಲಸ ಕೆಡಿಸಿತು. ಅವತ್ತಿನಿಂದ ನಾಯ್ಸ್ ತೆಗೆಯುವುದನ್ನು ಬೆಳಕಿನ ಕೆಲಸ ಮುಗಿದ ಮೇಲೆ ಇಟ್ಟುಕೊಂಡಿದ್ದೇನೆ.

8 ಬಿಟ್ ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ (ಕೆಂಪು, ಹಸಿರು, ನೀಲಿಯಲ್ಲಿ ಒಂದೊಂದಕ್ಕೆ) 256 ಮೆಟ್ಟಿಲು. ಕ್ಯಾಮೆರಾದ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ 14 ಬಿಟ್ ರಾ ಫೈಲ್‌ನಲ್ಲಿ 16,384. "ಕ್ಯಾಮೆರಾದಲ್ಲಿ ರಾ ಫೈಲ್ ಉಳಿದಿದೆಯಾ?" ಅಂತ ಕೇಳಿದೆ. ಎರಡನ್ನೂ ಒಟ್ಟಿಗೆ ಉಳಿಸುವ ಸೆಟ್ಟಿಂಗ್ ಇತ್ತಂತೆ. ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ. ಅದೃಷ್ಟ. ಮೊದಲ ದಿನವೇ ಕೇಳಿದ್ದರೆ ಮೂರು ಗಂಟೆ ಉಳಿಯುತ್ತಿತ್ತು.

ಎಷ್ಟು ಸರಿ ಮಾಡಬೇಕು

ರಾ ಫೈಲ್ ಬಂದ ಮೇಲೆ ಮಾಸ್ಕ್ ಎಳೆಯುವುದಕ್ಕಿಂತ ಮೊದಲು ಒಂದು ತೀರ್ಮಾನ ಮಾಡಬೇಕಿತ್ತು. ಎರಡೂವರೆ ಸ್ಟಾಪ್ ವ್ಯತ್ಯಾಸ ಇದೆ ಅಂತ ಗೊತ್ತು. ಪೂರ್ತಿ ಅಳಿಸಬೇಕಾ?

ಮೂರು ಮಾದರಿ ಮಾಡಿದೆ. ಒಂದರಲ್ಲಿ ಗೋಡೆ ಎರಡೂ ಕಡೆ ಒಂದೇ. ಇನ್ನೊಂದರಲ್ಲಿ ಅರ್ಧ ಸ್ಟಾಪ್ ವ್ಯತ್ಯಾಸ ಉಳಿಸಿದೆ. ಮೂರನೆಯದರಲ್ಲಿ ಒಂದು ಸ್ಟಾಪ್. ಯಾವುದು ಯಾವುದು ಅಂತ ಹೇಳದೆ ಚಿಕ್ಕದಾಗಿ ಮಾಡಿ ಕಳಿಸಿದೆ. ಅವರು ಮೊದಲು ಆರಿಸಿದ್ದು ಪೂರ್ತಿ ಸಮ ಇದ್ದದ್ದನ್ನು. ಮರುದಿನ ಬೆಳಿಗ್ಗೆ ಮತ್ತೆ ಸಂದೇಶ: "ರಾತ್ರಿ ಚೆನ್ನಾಗಿತ್ತು. ಈಗ ನೋಡಿದರೆ ಎಲ್ಲರನ್ನೂ ಕತ್ತರಿಸಿ ಅಂಟಿಸಿದ ಹಾಗಿದೆ. ಮೂರನೆಯದೇ ಇರಲಿ."

ಅವರಿಗೆ ಹಾಗೆ ಅನ್ನಿಸಿದ್ದು ಸರಿಯೇ. ಪ್ರತಿ ಮುಖದ ಎಡ ಕೆನ್ನೆ ಬೆಳಗಿದೆ, ಬಲ ಕೆನ್ನೆ ನೆರಳಲ್ಲಿದೆ. ಕನ್ನಡಕಗಳಲ್ಲಿ ಕಿಟಕಿಯ ಹೊಳಪಿದೆ. ಕುರ್ಚಿಗಳ ನೆರಳು ಬಲಕ್ಕೆ ಚಾಚಿದೆ. ಇಷ್ಟೆಲ್ಲ ಎಡದಿಂದ ಬೆಳಕು ಬರುತ್ತಿದೆ ಅಂತ ಹೇಳುತ್ತಿರುವಾಗ ಗೋಡೆ ಒಂದು ಮಾತ್ರ 'ನನಗೇನೂ ಗೊತ್ತಿಲ್ಲ' ಅಂತ ಸಮವಾಗಿ ನಿಂತರೆ ಕಣ್ಣು ಒಪ್ಪುವುದಿಲ್ಲ. ಏನು ತಪ್ಪಾಗಿದೆ ಅಂತ ಹೇಳಲು ಬಾರದಿದ್ದರೂ, ಏನೋ ತಪ್ಪಾಗಿದೆ ಅನ್ನುವುದು ತಿಳಿಯುತ್ತದೆ. ಚಿತ್ರ ಚಿಕ್ಕದಿರುವಾಗ, ಅಜ್ಜಿ ಕಂಡ ಖುಷಿಯಲ್ಲಿ, ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಅದಕ್ಕೇ ಈಗ ಯಾರಿಗೇ ಮಾದರಿ ಕಳಿಸಿದರೂ ಒಂದು ರಾತ್ರಿ ಕಳೆದು ಉತ್ತರ ಹೇಳಿ ಅನ್ನುತ್ತೇನೆ.

ಒಂದು ಸ್ಟಾಪ್ ಉಳಿಸುವುದು ಅಂತಾಯಿತು. ಎಡ ತುದಿಯ ಗೋಡೆ 200, ಬಲ ತುದಿಯದು 146 ಬರಬೇಕು. ಅಂದರೆ ಎಡಗಡೆ 0.2 ಸ್ಟಾಪ್ ಇಳಿಸಬೇಕು, ಬಲಗಡೆ ಒಟ್ಟು 1.3 ಏರಿಸಬೇಕು. ಪೂರ್ತಿ ಎರಡೂವರೆ ಎತ್ತುವುದಕ್ಕೂ 1.3 ಎತ್ತುವುದಕ್ಕೂ ತುಂಬಾ ಅಂತರ ಇದೆ. ಅರ್ಧಕ್ಕರ್ಧ ತೊಂದರೆಗಳು ಈ ತೀರ್ಮಾನದಿಂದಲೇ ಹೋದವು.

ಮಾಸ್ಕ್ ಮೇಲೆ ಮಾಸ್ಕ್

ಇಳಿಜಾರಿನಲ್ಲಿ ಎರಡು ತುಂಡಿತ್ತಲ್ಲ, ಹಾಗಾಗಿ ಗ್ರೇಡಿಯಂಟ್ ಕೂಡ ಎರಡು ಹಾಕಿದೆ. ಮೊದಲನೆಯದು ಎಡ ಅಂಚಿನಲ್ಲಿ ಶುರುವಾಗಿ ಅಗಲದ ಮೂರನೇ ಒಂದು ಭಾಗಕ್ಕೆ ಬರುವಷ್ಟರಲ್ಲಿ 0.65 ಸ್ಟಾಪ್‌ಗೆ ಏರುತ್ತದೆ, ಅಲ್ಲಿಂದ ಬಲ ತುದಿಯವರೆಗೆ ಹಾಗೇ ಉಳಿಯುತ್ತದೆ. ಎರಡನೆಯದು ಆ ಜಾಗದಿಂದ ಶುರುವಾಗಿ ಬಲ ತುದಿಯವರೆಗೆ ನಿಧಾನವಾಗಿ ಇನ್ನೊಂದು 0.65 ಸೇರಿಸುತ್ತದೆ. ಎಡ ಅಂಚನ್ನು ಇಳಿಸಲು ಚಿಕ್ಕದೊಂದು ಉಲ್ಟಾ ಗ್ರೇಡಿಯಂಟ್. ಜೆಪೆಗ್‌ನಲ್ಲಿ ಎಡ ತುದಿಯವರ ಹಣೆ 255ಕ್ಕೆ ತಾಗಿ ಬೆಳ್ಳಗೆ ಸುಟ್ಟಿತ್ತು. ರಾ ಫೈಲ್‌ನಲ್ಲಿ ಅಲ್ಲಿ ಇನ್ನೂ ಚರ್ಮದ ವಿವರ ಇತ್ತು. ಗ್ರೇಡಿಯಂಟುಗಳನ್ನು ಸ್ವಲ್ಪ ಓರೆ ಮಾಡಬೇಕಾಯಿತು. ಕಿಟಕಿ ಎತ್ತರದಲ್ಲಿದ್ದರಿಂದ ಬೆಳಕೂ ನೇರವಾಗಿ ಅಡ್ಡಕ್ಕೆ ಬರುತ್ತಿರಲಿಲ್ಲ.

ಲೇಯರ್‌ಗಳಲ್ಲಿ ಕೆಲಸ ಮಾಡುವವರು ಇದನ್ನೇ ಒಂದೇ ಮಾಸ್ಕಿನಲ್ಲಿ ಮಾಡಬಹುದು. ಗ್ರೇಡಿಯಂಟ್ ಎಡಿಟರಿನಲ್ಲಿ ನಡುವೆ ಒಂದು ಬೂದು ಗುರುತು ಸೇರಿಸಿ ಎಡಕ್ಕೆ ಸರಿಸಿದರೆ ಆಯಿತು. ಅಥವಾ ಗ್ರೇಡಿಯಂಟ್ ಎಳೆದ ಮಾಸ್ಕಿನ ಮೇಲೆಯೇ ಕರ್ವ್ಸ್ ಓಡಿಸಿ ಬಗ್ಗಿಸಬಹುದು. ಮಾಸ್ಕ್ ಕೂಡ ಒಂದು ಕಪ್ಪು-ಬಿಳುಪು ಚಿತ್ರವೇ ಅನ್ನುವುದು ನೆನಪಿದ್ದರೆ ಇಂಥ ದಾರಿಗಳು ತಾವಾಗಿ ಹೊಳೆಯುತ್ತವೆ.

ಏಳು ಜಾಗಗಳಲ್ಲಿ ಮತ್ತೆ ಅಳೆದೆ. ಗುಂಡಿ ಇಲ್ಲ. ಚಿಕ್ಕಪ್ಪನವರ ಮುಖವನ್ನು ನಾನು ಮುಟ್ಟಲೇ ಇಲ್ಲ. ಅವರ ಹಿಂದಿನ ಗೋಡೆ ಎಷ್ಟು ಎದ್ದಿತೋ ಅವರೂ ಅಷ್ಟೇ ಎದ್ದರು. ಅವರ ಬಣ್ಣ ಅವರಿಗೆ ವಾಪಸ್ ಬಂತು.

ಗೋಡೆಯನ್ನು ನಂಬುವುದರಲ್ಲೂ ಒಂದು ಸಣ್ಣ ಮೋಸ ಇದೆ. ಜನ ಗೋಡೆಗೆ ಒರಗಿ ನಿಂತಿಲ್ಲ, ಮುಂದೆ ನಿಂತಿದ್ದಾರೆ. ಅವರ ಮೇಲೆ ಬೀಳುವ ಬೆಳಕೂ ಗೋಡೆಯ ಮೇಲೆ ಬೀಳುವ ಬೆಳಕೂ ಒಂದೇ ಅಳತೆಯದಲ್ಲ. ಆದರೆ ಇಳಿಯುವ ರೀತಿ ಹತ್ತಿರ ಹತ್ತಿರ ಒಂದೇ. ಪೇಂಟಿಂಗ್, ನಕ್ಷೆ, ಹಳೆಯ ಕಾಗದಪತ್ರದಂಥ ಚಪ್ಪಟೆ ವಸ್ತುಗಳ ಫೋಟೋ ಆದರೆ ಇದಕ್ಕಿಂತ ಸುಲಭದ ದಾರಿ ಇದೆ. ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ, ಬಿಳಿ ಹಾಳೆಯ ಫೋಟೋ ಒಂದು ತೆಗೆದಿಟ್ಟುಕೊಳ್ಳುವುದು. ಅದನ್ನು ಬ್ಲರ್ ಮಾಡಿ ಮೂಲ ಚಿತ್ರದ ಮೇಲೆ ಡಿವೈಡ್ ಮೋಡಿನಲ್ಲಿ ಇಟ್ಟರೆ ಬೆಳಕಿನ ಇಳಿಜಾರು ಭಾಗವಾಗಿ ಹೋಗುತ್ತದೆ. ಯಾವ ಗ್ರೇಡಿಯಂಟನ್ನೂ ಕೈಯಿಂದ ಎಳೆಯಬೇಕಿಲ್ಲ.

ಇನ್ನು ಕೋಟಿನ ಕಥೆ. ಬಲದಿಂದ ಮೂರನೆಯವರೂ ಗಾಢ ಬಣ್ಣದ ಕೋಟು ಹಾಕಿದ್ದರು. ಗ್ರೇಡಿಯಂಟ್ ಅದನ್ನೂ ಒಂದು ಸ್ಟಾಪ್‌ಗಿಂತ ಜಾಸ್ತಿ ಎತ್ತಿತು. ಕೋಟಿನ ತುಂಬ ಬಣ್ಣಬಣ್ಣದ ನಾಯ್ಸ್ ಚುಕ್ಕೆಗಳು ಎದ್ದವು. ಬೆಳಕು ಕಡಿಮೆ ಬಿದ್ದ ಜಾಗದಲ್ಲಿ ಮಾಹಿತಿಯೇ ಕಡಿಮೆ, ಎತ್ತಿದರೆ ಬರುವುದು ಕಸವೇ. ಅದಕ್ಕೆ ಗ್ರೇಡಿಯಂಟಿನ ಜೊತೆ ಬೆಳಕಿನ ಮಟ್ಟದ ಮಾಸ್ಕನ್ನು ಕೂಡಿಸಿದೆ. ಗ್ರೇಡಿಯಂಟ್ ಇರುವ ಕಡೆ, ಆದರೆ ತೀರಾ ಕಪ್ಪು ಅಲ್ಲದ ಕಡೆ ಮಾತ್ರ ತಿದ್ದುಪಡಿ ಆಗಲಿ ಅಂತ. ಲೈಟ್‌ರೂಮ್‌ನಲ್ಲಿ ಮಾಸ್ಕ್‌ಗಳನ್ನು ಹೀಗೆ ಒಂದರೊಳಗೊಂದು ಸೇರಿಸುವ ಸೌಲಭ್ಯ 2021ರಿಂದ ಇದೆ. ಲೇಯರ್‌ಗಳಲ್ಲಾದರೆ ಚಿತ್ರದ ಕಪ್ಪು-ಬಿಳುಪು ನಕಲನ್ನು ಮಾಸ್ಕಿನೊಳಗೆ ಹಾಕಿ ಗ್ರೇಡಿಯಂಟ್ ಜೊತೆ ಮಲ್ಟಿಪ್ಲೈ ಮಾಡಬೇಕು.

ಇದರಲ್ಲೂ ಎರಡು ಸಲ ಎಡವಿದೆ. ಆ ನಕಲನ್ನು ಬ್ಲರ್ ಮಾಡದೆ ಹಾಕಿದ್ದಕ್ಕೆ ಬಲಭಾಗದ ಮುಖಗಳ ಏರಿಳಿತವೇ ಏರುಪೇರಾಯಿತು. ಬೆಳಕಿನ ಕೆನ್ನೆ ಇನ್ನಷ್ಟು ಎದ್ದಿತು, ನೆರಳಿನ ಕೆನ್ನೆ ಅಲ್ಲೇ ಕೂತಿತು. ಜಾಸ್ತಿ ಬ್ಲರ್ ಮಾಡಿದಾಗ ತಲೆಗಳ ಸುತ್ತ ತೆಳ್ಳಗೆ ಪ್ರಭಾವಳಿ ಬಂತು. ಮಟ್ಟವನ್ನು ತುಂಬಾ ಕೆಳಗಿಟ್ಟು, ಅಂದರೆ ಕೋಟಿನಂಥ ಗಾಢ ಕಪ್ಪು ಮಾತ್ರ ಹೊರಗುಳಿಯುವಂತೆ ಇಟ್ಟು, ಬ್ಲರನ್ನು ಮಧ್ಯಮಕ್ಕೆ ತಂದಾಗ ಎರಡೂ ತೊಂದರೆ ಕಣ್ಣಿಗೆ ಬೀಳದಷ್ಟು ತಗ್ಗಿದವು. ಕೂದಲು ಒಂದಿಷ್ಟು ಕಪ್ಪಾಗಿಯೇ ಉಳಿಯಿತು. ಕೂದಲು ಕಪ್ಪಾಗಿದ್ದರೆ ಯಾರಿಗೂ ಬೇಜಾರಿಲ್ಲ.

ಬಲಭಾಗ ಎದ್ದ ಮೇಲೆ ಹೊಸ ತಲೆನೋವು ಶುರುವಾಯಿತು. ಕತ್ತಲಲ್ಲಿ ಕಾಣದಿದ್ದ ಬಲ್ಬಿನ ಹಳದಿ ಈಗ ಎದ್ದು ಕಂಡಿತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ ಜಾಸ್ತಿ. ಮೋಡದ ದಿನದ ಬೆಳಕು 6500 ಕೆಲ್ವಿನ್ ಆಸುಪಾಸು, ಅಂಥ ಹಳದಿ ಬಲ್ಬಿನದು 2700ರಿಂದ 3000. ಮತ್ತೆ ಗೋಡೆಯನ್ನೇ ಕೇಳಿದೆ. ಎಡ ತುದಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ. ಬಲ ತುದಿಯಲ್ಲಿ ಕೆಂಪು ಮುಂದೆ, ನೀಲಿ ತುಂಬಾ ಹಿಂದೆ. ಬಲದ ಕಾಲು ಭಾಗಕ್ಕೆ ಮಾತ್ರ ಇನ್ನೊಂದು ಗ್ರೇಡಿಯಂಟ್ ಹಾಕಿ, ಅದರಲ್ಲಿ ಬೆಳಕನ್ನು ಮುಟ್ಟದೆ ಬಣ್ಣದ ತಾಪವನ್ನಷ್ಟೇ ನೀಲಿ ಕಡೆಗೆ ಸರಿಸಿದೆ. ಪೂರ್ತಿ ಸರಿಸಲಿಲ್ಲ. ಮುಕ್ಕಾಲು ಪಾಲು ಸಾಕಾಯಿತು. ಇನ್ನೂ ಎಳೆದರೆ ನೀಲಿ ಚಾನೆಲ್‌ನ ನಾಯ್ಸ್ ಮೇಲೆ ಬರುತ್ತಿತ್ತು.

ಟಾರ್ಚ್ ಬಿಟ್ಟ ಹಾಗೆ

ಕೊನೆಗೆ ಉಳಿದವರು ಅಜ್ಜಿ. ಈಗ ಚೆನ್ನಾಗಿಯೇ ಕಾಣುತ್ತಿದ್ದರು. ಆದರೂ ಬಲ ತುದಿಯವರೇ ತಾನೆ, ಉಳಿಸಿಕೊಂಡ ಒಂದು ಸ್ಟಾಪ್ ಕತ್ತಲು ಪೂರ್ತಿ ಬಿದ್ದದ್ದು ಅವರ ಮೇಲೆ. ಮನೆಯವರಿಗೆ ಇನ್ನೊಂಚೂರು ಬೆಳಕು ಬೇಕಿತ್ತು. ಮುಖದ ಮೇಲೆ ದುಂಡಗಿನ ರೇಡಿಯಲ್ ಮಾಸ್ಕ್ ಇಟ್ಟು ಅರ್ಧ ಸ್ಟಾಪ್ ಏರಿಸಿದೆ. ಮನೆಯಲ್ಲಿ ಯಾರೋ ನೋಡಿ "ಅಜ್ಜಿ ಮುಖಕ್ಕೆ ಟಾರ್ಚ್ ಬಿಟ್ಟ ಹಾಗಿದೆ" ಅಂದರಂತೆ.

ಸರಿಯಾದ ಮಾತು. ಕೋಣೆಯಲ್ಲಿ ಬೆಳಕು ಬರೀ ಮುಖವನ್ನು ಹುಡುಕಿಕೊಂಡು ಬರುವುದಿಲ್ಲ. ಬಂದರೆ ಭುಜ, ಕೈ, ಕುರ್ಚಿಯ ಅಂಚು, ಹಿಂದಿನ ಗೋಡೆ ಎಲ್ಲದರ ಮೇಲೂ ಬೀಳುತ್ತದೆ. ಮಾಸ್ಕನ್ನು ದೊಡ್ಡದು ಮಾಡಿದೆ. ಮಡಿಲಿನಲ್ಲಿಟ್ಟ ಕೈಗಳಿಂದ ತಲೆಯ ಮೇಲಿನ ಗೋಡೆಯವರೆಗೆ, ಪಕ್ಕದವರ ಅರ್ಧ ಭುಜವೂ ಸೇರುವ ಹಾಗೆ ಹಿಗ್ಗಿಸಿದೆ. ಅಂಚನ್ನು ಆದಷ್ಟು ಮೆತ್ತಗೆ ಮಾಡಿ, ಏರಿಕೆಯನ್ನು 0.3ಕ್ಕೆ ಇಳಿಸಿದೆ. ಮೊದಲಿಗಿಂತ ಕಡಿಮೆ ಏರಿಸಿದ್ದರೂ ಮೊದಲಿಗಿಂತ ಚೆನ್ನಾಗಿ ಕಂಡರು. ಈ ಬಾರಿ ಯಾರೂ ಏನೂ ಅನ್ನಲಿಲ್ಲ. ಇಂಥ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶಂಸೆ ಸಿಗುವುದು ಕಷ್ಟ.

ನಾಯ್ಸ್ ಕಡಿಮೆ ಮಾಡುವುದನ್ನು ಕೊನೆಗೆ ಮಾಡಿದೆ, ಬಲಭಾಗಕ್ಕೆ ಸ್ವಲ್ಪ ಜಾಸ್ತಿ. ಆಮೇಲೆ ಇಡೀ ಚಿತ್ರದ ಮೇಲೆ ತೆಳ್ಳಗೆ ಗ್ರೇನ್ (ಹಳೆಯ ಫಿಲ್ಮಿನಂಥ ಸಣ್ಣ ಕಣಗಳು) ಹರಡಿದೆ, ಎರಡೂ ಬದಿಯ ಗೋಡೆ ಒಂದೇ ನೂಲಿನದು ಅನ್ನಿಸಲಿ ಅಂತ. ಪಟ್ಟೆ ಬರಲಿಲ್ಲ. ಕೆಲಸದುದ್ದಕ್ಕೂ 16 ಬಿಟ್‌ನಲ್ಲೇ ಇಟ್ಟು, ಪ್ರಿಂಟಿಗೆ ಕೊಡುವಾಗ ಮಾತ್ರ 8 ಬಿಟ್ ಮಾಡಿದ್ದೆ.

ಸರಿಯಾಗದೇ ಉಳಿದದ್ದೂ ಇದೆ. ಎಡದಿಂದ ನಾಲ್ಕನೆಯವರ ಕನ್ನಡಕದ ಒಂದು ಗಾಜಿನ ತುಂಬ ಕಿಟಕಿಯೇ ತುಂಬಿಕೊಂಡಿದೆ, ಕಣ್ಣು ಕಾಣುವುದಿಲ್ಲ. ಅದನ್ನು ಯಾವ ಮಾಸ್ಕೂ ತರಲಾರದು. ಎಡ ತುದಿಯವರ ನೆರಳಿನ ಕೆನ್ನೆ ಈಗಲೂ ಕಪ್ಪೇ. ಗ್ರೇಡಿಯಂಟ್ ಒಂದು ಮುಖಕ್ಕೂ ಇನ್ನೊಂದು ಮುಖಕ್ಕೂ ಇರುವ ವ್ಯತ್ಯಾಸವನ್ನು ತಗ್ಗಿಸುತ್ತದೆ, ಒಂದೇ ಮುಖದ ಎರಡು ಬದಿಗಳ ವ್ಯತ್ಯಾಸ ಅದರ ಕೈಗೆ ಸಿಗುವುದಿಲ್ಲ. ಬ್ರಷ್ ಹಿಡಿಯಬಹುದಿತ್ತು. ಮೊದಲ ಸಂಜೆಯ ನೆನಪಾಗಿ ಬಿಟ್ಟುಬಿಟ್ಟೆ.

ತೆಗೆಯುವಾಗಲೇ ಏನು ಮಾಡಬಹುದಿತ್ತು ಅಂತ ಅವರು ಕೇಳಿದರು. ಎಲ್ಲರೂ ಕಿಟಕಿಯಿಂದ ಎರಡು ಮೀಟರ್ ಹಿಂದೆ ಸರಿದಿದ್ದರೆ ಹತ್ತಿರದವರು 4 ಮೀಟರ್, ದೂರದವರು 9 ಮೀಟರ್ ಆಗುತ್ತಿದ್ದರು. ಅದೇ ನಿಯಮದ ಲೆಕ್ಕದಲ್ಲಿ 12 ಪಟ್ಟು ವ್ಯತ್ಯಾಸ 5 ಪಟ್ಟಿಗೆ ಇಳಿಯುತ್ತಿತ್ತು. ಒಟ್ಟು ಬೆಳಕು ಕಡಿಮೆಯಾಗುತ್ತಿತ್ತು ನಿಜ, ಟ್ರೈಪಾಡ್ ಬೇಕಾಗುತ್ತಿತ್ತು. ಇನ್ನೂ ಒಳ್ಳೆಯದೆಂದರೆ ಕಿಟಕಿ ಕ್ಯಾಮೆರಾದ ಬೆನ್ನಿಗೆ ಇರುವಂತೆ ಇಡೀ ಗುಂಪನ್ನೇ ತಿರುಗಿಸುವುದು. "ಆ ಕಡೆ ಗೋಡೆ ಚೆನ್ನಾಗಿರಲಿಲ್ಲ" ಅಂದರು. ಆ ಗೋಡೆಯನ್ನು ನಾನು ನೋಡಿಲ್ಲ, ಹಾಗಾಗಿ ಸುಮ್ನಾದೆ.

ಪ್ರಿಂಟ್ ಹಾಕಿಸಿದರು. ಕೆಲವು ತಿಂಗಳ ನಂತರ ಮತ್ತೊಂದು ಸಂದೇಶ ಬಂತು. ಅದೇ ಚಿತ್ರದಿಂದ ಅಜ್ಜಿಯೊಬ್ಬರದೇ ಫೋಟೋ ಬೇಕು, ಕತ್ತರಿಸಿ ಕೊಡಲು ಆಗುತ್ತದಾ ಅಂತ. ಮಾಸ್ಕ್‌ಗಳೆಲ್ಲ ಬೇರೆ ಬೇರೆಯಾಗಿಯೇ ಉಳಿದಿದ್ದವು. ಫೈಲ್ ತೆರೆದು ಕ್ರಾಪ್ ಮಾಡಿದೆ. ನೋಡುತ್ತಾ ಕೂತಾಗ ಆ ರೇಡಿಯಲ್ ಮಾಸ್ಕ್ ಯಾಕೋ ಅತಿಯಾಯಿತು ಅನ್ನಿಸಿತು. ಆಫ್ ಮಾಡಿದೆ. ಕೆನ್ನೆಯ ಸುಕ್ಕುಗಳ ಮೇಲೆ ಕಿಟಕಿಯ ಬೆಳಕು ಇನ್ನೂ ಚೆನ್ನಾಗಿ ಕಂಡಿತು. ಹಾಗೇ ಕಳಿಸಿದೆ.